ಹಾಲಿಲ್ಲದ ಎರಡು ಲೋಟ

ಅವಳು ಹಾಲು ಉಗುಳುವುದನ್ನು ಅವನು ನೋಡಿಬಿಟ್ಟ.

ಕೋಲ್ಡ್ ರೂಮಿನ ಹಿಂದೆ, ಗೋಡೆಗೂ ಚರಂಡಿಗೂ ನಡುವೆ, ಒಬ್ಬರು ಅಡ್ಡಡ್ಡ ನಿಲ್ಲಬಹುದಾದಷ್ಟು ಜಾಗ. ಬೆಳಿಗ್ಗೆ ಕ್ಯಾನುಗಳು ವ್ಯಾನಿಗೇರುವ ಗಡಿಬಿಡಿಯಲ್ಲಿ ಅಲ್ಲಿಗೆ ಯಾರೂ ಬರುವುದಿಲ್ಲ. ಅವಳು ಆ ಜಾಗ ಆರಿಸಿಕೊಂಡದ್ದೇ ಅದಕ್ಕೆ. ಆದರೆ ಅವತ್ತು ಕಂಪ್ರೆಸರಿನ ಕೆಳಗೆ ಒಬ್ಬ ಮಲಗಿದ್ದ. ಅದು ಅವಳಿಗೆ ಗೊತ್ತಾದದ್ದು ಉಗುಳಿದ ಮೇಲೆ. ಮೊದಲು ಎರಡು ಬೂಟು ಕಂಡವು, ಆಮೇಲೆ ಒಂದು ಸ್ಪ್ಯಾನರ್, ಗ್ರೀಸ್ ಮೆತ್ತಿದ ಕೆನ್ನೆ, ಕೊನೆಗೆ ಕಣ್ಣು. ಹಾಲು ಅವನ ಕಿವಿಯಿಂದ ಗೇಣು ದೂರದಲ್ಲಿ ಚರಂಡಿಗಿಳಿಯುತ್ತಿತ್ತು.

ಅವಳು ತೋಳಿನಿಂದ ಬಾಯಿ ಒರೆಸಿಕೊಂಡಳು. ಅವನು ಚರಂಡಿಯನ್ನು ನೋಡಿದ, ಅವಳನ್ನು ನೋಡಿದ, ಕಂಪ್ರೆಸರನ್ನು ನೋಡಿದ. ಮುಖ ಬಿಳಿಚಿಕೊಂಡಿತು. ಎದ್ದವನೇ ಅಂಗಳದ ಕಡೆ ಓಡಿದ.

ಚಾಡಿ ಹೇಳುವುದಕ್ಕೂ ಇಷ್ಟು ಅವಸರವೇ ಎಂದುಕೊಂಡು ಅವಳು ಹಿಂದೆಯೇ ಬಂದಳು. ಅವನು ವ್ಯಾನಿನ ಬಾಗಿಲಿಗೆ ಕೈ ಅಡ್ಡ ಕೊಟ್ಟು ನಿಂತಿದ್ದ.

"ಯಜಮಾನ್ರೇ, ಗಾಡಿ ಬಿಡಬೇಡಿ. ಹಾಲು ಕೆಟ್ಟಿದೆ. ತಪ್ಪು ನಂದೇ. ನಿನ್ನೆ ಹಾಕಿದ ಪಾರ್ಟು ಸರಿಯಾಗಿ ಕೂತಿಲ್ಲ ಅನ್ಸುತ್ತೆ. ಮಿಷನ್ ಮಧ್ಯದಲ್ಲಿ ನಿಂತಿರಬೇಕು."

ಅವಳ ಅಪ್ಪನ ಕೈಯಲ್ಲಿದ್ದ ಮುಚ್ಚಳ ಕೈಯಲ್ಲೇ ಉಳಿಯಿತು. ಆ ಮನೆಯಲ್ಲಿ ಹಾಲು ಕೆಟ್ಟಿದೆ ಎನ್ನುವುದು ಬೆಂಕಿ ಬಿದ್ದಿದೆ ಎನ್ನುವಷ್ಟೇ ದೊಡ್ಡ ಮಾತು. ಕೆಳಗೆ ಕೊಟ್ಟಿಗೆ, ಪಕ್ಕದಲ್ಲಿ ಕೋಲ್ಡ್ ರೂಮು, ಅದರಾಚೆ ಬಾಟಲಿ ತೊಳೆಯುವ ಕೋಣೆ, ಮೇಲೆ ಮನೆ. ಮಲಗಿದರೂ ಎದ್ದರೂ ಮೂಗಿಗೆ ಹಾಲಿನದೇ ವಾಸನೆ. ಆ ಹಾಲಿಗೆ ಒಂದು ಕಟ್ಟಳೆಯಿತ್ತು. ಅಜ್ಜಿಯ ಅತ್ತೆ ಮಾಡಿದ್ದು. ಎಂದೋ ಒಂದು ಸಲ ಕೆಟ್ಟ ಹಾಲು ಹೊರಗೆ ಹೋಗಿ ಬೀದಿಯ ಮಕ್ಕಳು ಕಾಯಿಲೆ ಬಿದ್ದು ಮಲಗಿಬಿಟ್ಟಿದ್ದವಂತೆ. ಅಂದಿನಿಂದ, ಊರಿಗೆ ಕೊಡುವ ಮೊದಲು ನಮ್ಮ ಹೊಟ್ಟೆಗೆ. ಮನೆಯವರೊಬ್ಬರು ಪ್ರತಿ ಕ್ಯಾನಿನ ಹಾಲನ್ನು ತುದಿನಾಲಿಗೆಗೆ ಇಟ್ಟು ನೋಡಬೇಕು. ಕೊನೆಗೆ ಎಲ್ಲ ಕ್ಯಾನಿನಿಂದಲೂ ತೊಟ್ಟು ತೊಟ್ಟು ಸೇರಿಸಿ ಚಿಕ್ಕ ಸೌಟು ತುಂಬಿಸಿ ನುಂಗಬೇಕು. ನುಂಗಿದ ಮೇಲೆಯೇ ವ್ಯಾನು ಹೊರಡುವುದು.

ಶಾಲೆಗೆ ಹೋಗುವ ವಯಸ್ಸಿನಿಂದ ಆ ಸೌಟು ಅವಳದು. ಯಾವ ಹಸು ಏನು ಮೇದಿದೆ, ಯಾವ ಕ್ಯಾನಿನ ಹಾಲು ಮಧ್ಯಾಹ್ನದವರೆಗೆ ತಡೆಯುತ್ತದೆ, ಯಾವುದು ತಡೆಯುವುದಿಲ್ಲ, ಎಲ್ಲ ಅವಳ ಬಾಯಿಗೆ ತಿಳಿಯುತ್ತಿತ್ತು. ಅಜ್ಜಿ ಅವಳನ್ನು ಕರೆಯುವುದೇ 'ನಾಲಿಗೆ' ಎಂದು. ಆ ಮನೆಯಲ್ಲಿ ಅವಳಿಗೆ ಸ್ವಂತ ಕೋಣೆಯಿರಲಿಲ್ಲ, ಸ್ವಂತ ಕಪಾಟಿರಲಿಲ್ಲ. ಸೌಟು ಮಾತ್ರ ಇತ್ತು.

ಅಪ್ಪ ಕುಡಿದು ನೋಡಿದ. ಅಣ್ಣ ಕುಡಿದು ನೋಡಿದ. ಅಜ್ಜಿಯನ್ನು ಕುರ್ಚಿ ಸಮೇತ ಹೊರಗೆ ತಂದರು. ಅಜ್ಜಿಯೂ ಕುಡಿದು, ತುಟಿ ಚಪ್ಪರಿಸಿ, ಹಾಲು ಹಾಲಿನ ಹಾಗೇ ಇದೆ ಎಂದು ತೀರ್ಪು ಕೊಟ್ಟಳು.

"ಕೆಟ್ಟಿದೆ ಅಂತ ನಿನಗೆ ಯಾರಪ್ಪ ಹೇಳಿದ್ದು?" ಎಂದ ಅಪ್ಪ.

ಮೆಕ್ಯಾನಿಕ್ ಪಾಪ, ಒಳ್ಳೆಯದೇ ಮಾಡುತ್ತಿದ್ದೇನೆ ಎಂಬ ಮುಖದಲ್ಲಿ ಅವಳ ಕಡೆ ಕೈ ತೋರಿಸಿದ. "ಇವರು ಹಿಂದುಗಡೆ ಉಗುಳ್ತಾ ಇದ್ರು. ಚೆನ್ನಾಗಿರೋ ಹಾಲನ್ನ ಯಾರಾದ್ರೂ ಉಗುಳ್ತಾರಾ?"

ಎಲ್ಲರೂ ಅವಳ ಕಡೆ ತಿರುಗಿದರು. ಹಲ್ಲುನೋವು ಎನ್ನಬಹುದಿತ್ತು. ಹೊಟ್ಟೆ ಸರಿಯಿಲ್ಲ ಎನ್ನಬಹುದಿತ್ತು. ಆದರೆ ಚಳಿಗಾಲದಿಂದ ಬಾಯಲ್ಲಿ ಹಾಲಿಟ್ಟುಕೊಂಡು, ಯಾರಾದರೂ ಮಾತಾಡಿಸಿದರೆ ಬರೀ ತಲೆಯಾಡಿಸಿ ಅವಳಿಗೆ ಸಾಕಾಗಿಹೋಗಿತ್ತು.

"ನಾನು ಹಾಲು ಬಿಟ್ಟಿದ್ದೀನಿ," ಎಂದಳು. "ಬೆಣ್ಣೆ, ಮೊಟ್ಟೆ, ಮಾಂಸ, ಎಲ್ಲಾ. ಗಿಡದಲ್ಲಿ ಬೆಳೆದದ್ದು ಮಾತ್ರ ತಿಂತೀನಿ."

ಅಣ್ಣ ಮೆಲ್ಲಗೆ, "ಅದಕ್ಕೇ ಬೆಕ್ಕು ಈ ಪಾಟಿ ದಪ್ಪ ಆಗಿರೋದು," ಎಂದ.

ಯಾರೂ ನಗಲಿಲ್ಲ. ಅಪ್ಪ ಅವಳ ಏಪ್ರನ್ನಿನ ಜೇಬಿನಿಂದ ಸೌಟು ತೆಗೆದು ಅತ್ತಿಗೆಯ ಕೈಗಿಟ್ಟ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳೂ ಜಗಳಕ್ಕೆ ನಿಲ್ಲಬಹುದಿತ್ತು.

"ತಾನು ನುಂಗದ್ದನ್ನ ಊರಿಗೆ ನುಂಗಿಸೋ ಹಕ್ಕು ಈ ಮನೇಲಿ ಯಾರಿಗೂ ಇಲ್ಲ," ಎಂದಷ್ಟೇ ಹೇಳಿ ವ್ಯಾನು ಹತ್ತಿದ.

*

ಅಂದಿನಿಂದ ಅವಳ ಕೆಲಸ ಬಾಟಲಿ ತೊಳೆಯುವುದು. ಉದ್ದನೆಯ ತೊಟ್ಟಿ, ಬಿಸಿನೀರಿನ ಹಬೆ, ಬ್ರಷ್ಷು, ತೊಳೆದದ್ದನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಕಲೆ ಹುಡುಕುವುದು. ಕೆಟ್ಟ ಕೆಲಸವೇನಲ್ಲ. ಆದರೆ ಬೆಳಿಗ್ಗೆ ಅಂಗಳದಲ್ಲಿ ಕ್ಯಾನಿನ ಮುಚ್ಚಳ ತೆಗೆವ ಸದ್ದು ಕೇಳಿದರೆ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಗುತ್ತಿತ್ತು.

ಮಾರನೆಯ ದಿನ ಬಾಟಲಿಯೊಂದನ್ನು ಬೆಳಕಿಗೆ ಹಿಡಿದಾಗ ಅದರ ತಳದಲ್ಲಿ ಬೆರಳುದ್ದದ ಮನುಷ್ಯನೊಬ್ಬ ಕಂಡ. ಸೊಂಟ ಸೊಟ್ಟಗೆ, ತಲೆ ಕುಂಬಳಕಾಯಿಯಷ್ಟು. ಬಾಟಲಿ ಇಳಿಸಿದರೆ ಬಾಗಿಲಲ್ಲಿ ಮೆಕ್ಯಾನಿಕ್.

"ನಾನು ನಿಜವಾಗ್ಲೂ ಹಾಲು ಕೆಟ್ಟಿದೆ ಅಂದ್ಕೊಂಡೆ," ಎಂದ. ನಿದ್ದೆ ಮಾಡಿದ ಮುಖವಲ್ಲ.

"ಗೊತ್ತಾಯ್ತು. ಬೀದಿಗೆಲ್ಲ ಗೊತ್ತಾಯ್ತು."

"ನಿಮ್ಮ ಗುಟ್ಟು ಅಂತ ಗೊತ್ತಿದ್ದಿದ್ರೆ ಬಾಯಿ ಬಿಡ್ತಿರಲಿಲ್ಲ."

"ಸ್ಪ್ಯಾನರ್ ಸಾಹೇಬ್ರೇ, ಕಂಪ್ರೆಸರ್ ಕೆಳಗೆ ಮಲಗೋರು ಒಂದು ಸಲ ಕೆಮ್ಮಬಾರದಾ?"

ಅವನು ಯೋಚಿಸಿದ. ತುಂಬ ಗಂಭೀರವಾಗಿ, ಯಂತ್ರದ ದೋಷ ಹುಡುಕುವವನ ಹಾಗೆ. ಆಮೇಲೆ ಒಂದು ಸಲ ಕೆಮ್ಮಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಸಿಟ್ಟನ್ನು ಇನ್ನೊಂದೆರಡು ದಿನ ಇಟ್ಟುಕೊಳ್ಳಬೇಕೆಂದಿದ್ದವಳು ಅಲ್ಲೇ ಸೋತಳು.

ಅಷ್ಟರಲ್ಲಿ ಅಮ್ಮ ಟೀ ತಂದಳು. ಅವನು ಲೋಟದೊಳಗೆ ಇಣುಕಿ, ಹಾಲು ಹಾಕದ್ದು ಇದೆಯಾ ಎಂದು ಸಂಕೋಚದಿಂದ ಕೇಳಿದ. ಅಮ್ಮ ಮಗಳನ್ನು ನೋಡಿದಳು, ಅವನನ್ನು ನೋಡಿದಳು. ನಮ್ಮ ಮನೆಯಲ್ಲಿ ಹಾಲಿಗೇ ಬರ ಬಂದಿದೆ ಎಂದುಕೊಂಡಿದ್ದೀಯಾ ಎಂದು ಗದರಿ, ಲೋಟ ವಾಪಸು ಒಯ್ದಳು. ಬೇರೆ ಲೋಟ ಬರಲಿಲ್ಲ.

"ನೀವೂ ಬಿಟ್ಟಿದ್ದೀರಾ?" ಎಂದು ಕೇಳಿದಳು ಅವಳು.

ಬಿಟ್ಟಿಲ್ಲ, ಹಿಡಿದೇ ಇಲ್ಲ ಎಂದ. ಚಿಕ್ಕವನಿದ್ದಾಗ ದೊಡ್ಡಮ್ಮ ಒಬ್ಬಳು ಮೂಗು ಹಿಡಿದು, ಕೆನೆ ಕಟ್ಟಿದ ಹಾಲನ್ನು ದಿನಾ ಗಂಟಲಿಗೆ ಸುರಿಯುತ್ತಿದ್ದಳಂತೆ. ಅಂದಿನಿಂದ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಹಾಗಾದರೆ ಹಾಲಿನ ಮನೆಯ ಕೆಲಸ ಯಾಕೆ ಹಿಡಿದಿರಿ ಎಂದದ್ದಕ್ಕೆ, ಮೀನಿನ ಗೋದಾಮಿನ ಕೆಲಸಕ್ಕಿಂತ ವಾಸಿ ಎಂದ. ಮಿಕ್ಕಂತೆ ಅವನು ಎಲ್ಲ ತಿನ್ನುತ್ತಿದ್ದ. ಅವತ್ತು ಬುತ್ತಿಯಲ್ಲಿ ಮೊಟ್ಟೆ ಇಟ್ಟ ಬ್ರೆಡ್ಡಿತ್ತು. ಗೋಡೆಗೆ ಮುಖ ಮಾಡಿ ಕೂತು ತಿನ್ನತೊಡಗಿದ.

"ಈ ಕಡೆ ತಿರುಗಿ ತಿನ್ನಿ. ನಾನೇನು ಪೊಲೀಸಾ?"

"ಬಿಟ್ಟವರು ಉಪದೇಶ ಮಾಡ್ತಾರೆ ಅಂತ ಕೇಳಿದ್ದೆ."

"ಹಾಲು ಮಾರೋ ಮನೆಯ ಮಗಳು ನಾನು. ಯಾವ ಬಾಯಲ್ಲಿ ಉಪದೇಶ ಮಾಡಲಿ?"

ಅವನು ತಿರುಗಿ ಕೂತ. ಯಾಕೆ ಬಿಟ್ಟಿರಿ ಎಂದು ಅವತ್ತು ಕೇಳಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನೇ ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಕೇಳದವನೊಬ್ಬ ಸಿಕ್ಕಿದ್ದಕ್ಕೋ ಏನೋ, ಅವಳು ತಾನಾಗಿಯೇ ಹೇಳಿದಳು. ಚುಕ್ಕಿ ಎಂಬ ಹಸು ಚಳಿಗಾಲದಲ್ಲಿ ಗಂಡುಕರು ಹಾಕಿತು. ಗಂಡುಕರು ಹಾಲಿನ ಮನೆಗೆ ಭಾರ. ಎಂದಿನಂತೆ ಸಾಗಹಾಕಿದರು. ಚುಕ್ಕಿ ಕೊಟ್ಟಿಗೆಯ ಬಾಗಿಲಿಗೆ ಮುಖ ಮಾಡಿ ನಿಂತೇ ಇತ್ತು. ಮಾರನೆಯ ಬೆಳಿಗ್ಗೆ ಅದರ ಹಾಲನ್ನು ಬಾಯಿಗಿಟ್ಟರೆ ಉಪ್ಪು.

"ಅಪ್ಪ ಕುಡಿದು ಇಲ್ಲ ಅಂದ್ರು. ಅಣ್ಣನೂ ಇಲ್ಲ ಅಂದ. ಇರಲಿಕ್ಕಿಲ್ಲ. ಆದ್ರೆ ನನ್ನ ಬಾಯಲ್ಲಿ ಇತ್ತು. ಆಮೇಲೆ ಎಲ್ಲಾ ಹಾಲಲ್ಲೂ ಇತ್ತು."

"ಈಗಲೂ ಇದೆಯಾ?"

"ಈಗ ಇಲ್ಲ. ಆದ್ರೂ ಗಂಟಲು ಒಪ್ಪಲ್ಲ."

ಅವನು ಬ್ರೆಡ್ಡಿನ ಚೂರನ್ನು ಅಗಿದು ನುಂಗಿ, ನನ್ನ ಗಂಟಲೂ ಹಾಗೇ, ಹೇಳಿದ ಮಾತು ಕೇಳುವುದಿಲ್ಲ ಎಂದ. ಅಷ್ಟೇ. ಚುಕ್ಕಿಯ ಬಗ್ಗೆ ಅಯ್ಯೋ ಅನ್ನಲಿಲ್ಲ, ಅವಳನ್ನು ದೇವತೆ ಮಾಡಲಿಲ್ಲ, ಹುಚ್ಚಿ ಅಂತಲೂ ಅನ್ನಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು.

*

ಮನೆಯಲ್ಲಿ ಅಮ್ಮನದು ಬೇರೆಯೇ ಯುದ್ಧ. ಬೈಯುವುದು ಅವಳ ದಾರಿಯಲ್ಲ. ಕುಂಬಳಕಾಯಿ ಬೇಯಿಸಿ, ಬರೀ ಉಪ್ಪು ಹಾಕಿದ್ದು ಎಂದು ತಟ್ಟೆ ಮುಂದಿಟ್ಟಳು. ಮಗಳು ಒಂದು ಚಮಚ ಬಾಯಿಗಿಟ್ಟು ಚಮಚ ಕೆಳಗಿಟ್ಟಳು.

"ಅಮ್ಮ, ಬೆಣ್ಣೆ."

"ಇಲ್ಲಮ್ಮ."

"ಚುಕ್ಕಿಯ ಬೆಣ್ಣೆ."

ಅಣ್ಣ ಊಟ ಬಿಟ್ಟು ನಗತೊಡಗಿದ. ನಾಲಿಗೆಯ ಜೊತೆ ಕಣ್ಣಾಮುಚ್ಚಾಲೆ ಆಡಿದರೆ ಹೀಗೇ ಎಂದಳು ಅಜ್ಜಿ. ಅಮ್ಮ ನಗಲಿಲ್ಲ. ತಟ್ಟೆ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ, ಬೆನ್ನು ತೋರಿಸಿ ನಿಂತು, "ನಾನು ಹಾಕಿದ್ದು ಬೆಣ್ಣೆ ಕಣೇ, ವಿಷ ಅಲ್ಲ," ಎಂದಳು. ಹುಟ್ಟಿದಾಗ ಮೊಲದ ಮರಿಯಷ್ಟಿದ್ದವಳನ್ನು ಹಾಲು ಬೆಣ್ಣೆ ಹಾಕಿ ಮನುಷ್ಯಳನ್ನಾಗಿ ಮಾಡಿದವಳು ಅಮ್ಮ. ಅದನ್ನೇ ಬೇಡವೆಂದರೆ ತನ್ನನ್ನೇ ಬೇಡವೆಂದ ಹಾಗೆ ಕೇಳಿಸುತ್ತಿತ್ತು. ಮಗಳಿಗೆ ಅದು ಗೊತ್ತಿತ್ತು.

ಅಪ್ಪ ಒಂದೇ ಒಂದು ಸಲ ವಾದಕ್ಕೆ ಬಂದ. ನೀನು ತಿನ್ನುವ ಬೀನ್ಸೂ ಬಂದದ್ದು ಹಾಲಿನ ದುಡ್ಡಿನಿಂದಲೇ ಅಲ್ಲವೇ, ಹಾಗಾದರೆ ಬಾಯಿ ಮಾತ್ರ ತೊಳೆದುಕೊಂಡು ಏನು ಪ್ರಯೋಜನ ಎಂದ. ಅಪ್ಪ ಹೇಳಿದ್ದು ನಿಜ. ನಿಜವಾದರೂ ಗಂಟಲು ಒಪ್ಪುತ್ತಿರಲಿಲ್ಲ. ಅವಳು ಬೀನ್ಸು ತಿಂದು, ತಟ್ಟೆ ತೊಳೆದು, ಕೆಳಗಿಳಿದು ಬಂದಳು.

ಕೆಳಗೆ ಅವನಿರುತ್ತಿದ್ದ. ಕೋಲ್ಡ್ ರೂಮು ಯಾವತ್ತೋ ಸರಿಹೋಗಿತ್ತು. ಅದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಒಂದು ದಿನ ಬಾಗಿಲಿನ ರಬ್ಬರ್ ಪಟ್ಟಿ ಸಡಿಲ, ಇನ್ನೊಂದು ದಿನ ಫ್ಯಾನಿನಲ್ಲಿ ಏನೋ ಸದ್ದು. ಒಂದು ದಿನವಂತೂ ಅವನು ನಟ್ಟೊಂದನ್ನು ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲಿಗೇ ಹಾಕಿ ತಿರುಗಿಸುವುದನ್ನು ಅವಳು ಖಾಲಿ ಬಾಟಲಿಯೊಳಗಿಂದ ಪೂರ್ತಿ ನೋಡಿದಳು.

"ನಟ್ಟು ಹೇಗಿದೆ?" ಎಂದು ಕೇಳಿದಳು.

"ಸ್ವಲ್ಪ ಬಳಲಿದೆ. ನಾಳೆನೂ ನೋಡಬೇಕಾಗುತ್ತೆ."

ಬರುವಾಗ ಜೇಬಲ್ಲಿ ಹುರಿದ ಕಡಲೆಕಾಯಿ ತರುತ್ತಿದ್ದ. ಕೊಡುವ ಮುಂಚೆ, ಹುರಿದವನನ್ನು ಕೇಳಿದ್ದೇನೆ, ಬರೀ ಉಪ್ಪು, ಮರಳಲ್ಲಿ ಹುರಿದದ್ದು, ಬಾಣಲೆಗೆ ಬೇರೇನೂ ಹಾಕಿಲ್ಲ ಎಂದು ಪರೀಕ್ಷೆಗೆ ನಿಂತವನ ಹಾಗೆ ಒಪ್ಪಿಸುತ್ತಿದ್ದ. ಆ ಬಡಪಾಯಿ ಅಂಗಡಿಯವನನ್ನು ಎಷ್ಟು ಪೀಡಿಸಿರಬಹುದೆಂದು ಅವಳು ಊಹಿಸಿಕೊಂಡು ನಗುತ್ತಿದ್ದಳು. ಅವಳ ಅಂಗೈಗೆ ಕಾಯಿ ಸುರಿಯುವಾಗ ತನ್ನ ಬೆರಳು ತಾಕದ ಹಾಗೆ ಜಾಗ್ರತೆ ಮಾಡುತ್ತಿದ್ದ. ಗ್ರೀಸ್ ಹತ್ತುತ್ತದಂತೆ. ಆ ಜಾಗ್ರತೆ ಅವಳಿಗೆ ಮೊದಮೊದಲು ಹಿಡಿಸಿತು. ಆಮೇಲೆ ಹಿಡಿಸಲಿಲ್ಲ. ಒಂದು ಮಧ್ಯಾಹ್ನ ಅವಳೇ ಅವನ ಹೆಬ್ಬೆರಳು ಹಿಡಿದು, ತೊಟ್ಟಿಯ ಬಿಸಿನೀರಲ್ಲಿ ಅದ್ದಿ, ಬಾಟಲಿ ಉಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಅವನು ಉಸಿರೇ ಬಿಡಲಿಲ್ಲ.

"ನೋವಾಗುತ್ತಾ?"

"ಇಲ್ಲ."

"ಮತ್ತೆ ಯಾಕೆ ಹಾಗೆ ನಿಂತಿದ್ದೀರಿ?"

"ಅಲುಗಾಡಿದ್ರೆ ನೀವು ನಿಲ್ಲಿಸ್ತೀರೇನೋ ಅಂತ."

ಅವಳು ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಟಲಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿ, ಕಲೆ ಇನ್ನೂ ಇದೆ ಎಂದಳು. ಇರಲಿಲ್ಲ.

*

ಅತ್ತಿಗೆಯ ಬಾಯಿಗೆ ಎಲ್ಲ ಹಾಲೂ ಚೆನ್ನಾಗಿತ್ತು. ಇವತ್ತಿನದು ಚೆನ್ನಾಗಿದೆ, ನಿನ್ನೆಯದೂ ಚೆನ್ನಾಗಿತ್ತು, ನಾಳೆಯದೂ ಚೆನ್ನಾಗಿಯೇ ಇರುತ್ತದೆ. ಸೌಟನ್ನು ಅವಳು ಆಸೆಪಟ್ಟು ಕೇಳಿದವಳಲ್ಲ. ಬೇರೆಯವರ ಚಪ್ಪಲಿ ಮೆಟ್ಟಿಕೊಂಡವಳ ಹಾಗೆ ಅದನ್ನು ಹಿಡಿದುಕೊಳ್ಳುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ, ಹೊರಟ ವ್ಯಾನು ಅರ್ಧ ದಾರಿಯಿಂದಲೇ ತಿರುಗಿ ಬಂತು. ಹೋಟೆಲಿನವರು ಎರಡು ಕ್ಯಾನು ವಾಪಸು ಕಳಿಸಿದ್ದರು. ಹಾಲು ಕಹಿಯಂತೆ.

ಅಪ್ಪ ಆ ಹಾಲು ಕುಡಿದು ಮುಖ ಹಿಂಡಿದ. ಇನ್ನುಳಿದ ಕ್ಯಾನುಗಳನ್ನು ಕಳಿಸಬಹುದೇ? ಒಂದರಿಂದ ಕುಡಿದ, ಅದೂ ಕಹಿ. ಇನ್ನೊಂದರಿಂದ ಕುಡಿದ, ಅದೂ ಕಹಿ. ಕಹಿ ಕುಡಿದ ಬಾಯಿಗೆ ಎಲ್ಲವೂ ಕಹಿ. ಅಣ್ಣನದೂ ಅದೇ ಕಥೆ. ಅತ್ತಿಗೆ ಸೌಟನ್ನು ವ್ಯಾನಿನ ಮೇಲಿಟ್ಟು ಅತ್ತೇಬಿಟ್ಟಳು. "ನನ್ನ ಬಾಯಿಗೆ ಹಾಲೂ ಒಂದೇ ಸುಣ್ಣದ ನೀರೂ ಒಂದೇ ಮಾವಾ. ನನ್ನನ್ನ ಬಿಟ್ಟುಬಿಡಿ."

ಗಲಾಟೆ ಕೇಳಿ ಅವಳು ಬಾಟಲಿ ಬಿಟ್ಟು ಅಂಗಳಕ್ಕೆ ಬಂದಿದ್ದಳು. ಮೆಕ್ಯಾನಿಕ್ ಕೋಲ್ಡ್ ರೂಮಿನ ಬಾಗಿಲಲ್ಲಿ ರಬ್ಬರ್ ಪಟ್ಟಿ ಹಿಡಿದುಕೊಂಡು ನಿಂತಿದ್ದ. ಯಾರೂ ಅವಳನ್ನು ಕರೆಯಲಿಲ್ಲ. ಅಪ್ಪ ಅವಳ ಕಡೆ ನೋಡಲೂ ಇಲ್ಲ. ಅವಳೇ ಹೋಗಿ ಸೌಟು ಎತ್ತಿಕೊಂಡಳು.

ಒಂದೊಂದೇ ಮುಚ್ಚಳ ತೆಗೆದಳು. ತೊಟ್ಟು ಹಾಲು ತುದಿನಾಲಿಗೆಗೆ, ಕಣ್ಣು ಅರ್ಧ ಮುಚ್ಚಿ, ಒಂದು ಕ್ಷಣ. ಆಮೇಲೆ ಎಲ್ಲರ ಎದುರಿಗೇ ಅಂಗಳದ ಮಣ್ಣಿಗೆ ಉಗುಳಿದಳು. ಇನ್ನು ಕದ್ದು ಉಗುಳುವ ಮಾತೇ ಇರಲಿಲ್ಲ. ಕ್ಯಾನಿನಿಂದ ಕ್ಯಾನಿಗೆ ಅವಳ ಭುಜ ನೇರವಾಗುತ್ತಿದ್ದುದನ್ನು ಬಾಗಿಲಲ್ಲಿ ನಿಂತವನು ನೋಡುತ್ತಿದ್ದ. ಕೊನೆಗೆ ಒಂದು ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

"ವಾಪಸ್ ಬಂದ ಎರಡು ಬಿಟ್ರೆ ಇದೊಂದೇ. ಕೊನೆ ಸಾಲಿನ ಹಸುಗಳದ್ದು. ಹೊಸ ಮೇವಿನಲ್ಲಿ ಯಾವುದೋ ಕಹಿಸೊಪ್ಪು ಸೇರಿದೆ. ಉಳಿದದ್ದೆಲ್ಲ ಸರಿ ಇದೆ, ಕಳಿಸಿ."

ಅಣ್ಣ ಕೊಟ್ಟಿಗೆಗೆ ಹೋಗಿ, ಕೊನೆಯ ಸಾಲಿನ ಮೇವು ಕೆದಕಿ, ಹಳದಿ ಹೂವಿನ ಒಂದು ಹಿಡಿ ಸೊಪ್ಪು ತಂದು ತೋರಿಸಿದ. ಅಜ್ಜಿಯ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಕಾಣಿಸಿ ಮಾಯವಾಯಿತು.

"ನೋಡಿದ್ದಾಯ್ತು. ಈಗ ನುಂಗು," ಎಂದಳು ಅಜ್ಜಿ.

"ನುಂಗಲ್ಲ ಅಜ್ಜಿ."

"ಹಾಗಾದ್ರೆ ವ್ಯಾನು ಹೋಗಲ್ಲ. ಹಾಲು ಕುಡಿದ ಮಕ್ಕಳೇ ಮಲಗಿಬಿಟ್ಟಿದ್ದನ್ನ ಕಂಡ ಮನೆ ಇದು."

ಬಿಸಿಲು ಏರುತ್ತಿತ್ತು. ಕ್ಯಾನುಗಳ ಮೇಲೆ ಬೆವರಿನ ಹನಿ ಮೂಡುತ್ತಿತ್ತು. ಅವಳಿಗೆ ಗೊತ್ತಿತ್ತು, ಒಂದೇ ಒಂದು ಗುಟುಕು ನುಂಗಿಬಿಟ್ಟರೆ ಸೌಟು ಮತ್ತೆ ತನ್ನದು. ಅಪ್ಪನೂ ತನ್ನವನು. ಗಂಟಲಿಗೆ ಒಮ್ಮೆ ಹೇಳಿ ನೋಡಿದಳು. ಅದು ಕೇಳಲಿಲ್ಲ.

"ಇವರು ರುಚಿ ನೋಡಲಿ. ನಾನು ನುಂಗ್ತೀನಿ."

ಮೆಕ್ಯಾನಿಕ್ ರಬ್ಬರ್ ಪಟ್ಟಿ ಬಿಟ್ಟು ಅಂಗಳಕ್ಕೆ ಬಂದಿದ್ದ. ಯಾರಾದರೂ ಏನಾದರೂ ಅನ್ನುವ ಮೊದಲೇ ಅವಳ ಕೈಯಿಂದ ಸೌಟು ತೆಗೆದುಕೊಂಡು, ಕ್ಯಾನಿನಿಂದ ತುಂಬಿಸಿ, ಬಾಯಿಗೆ ಸುರಿದುಕೊಂಡ. ನುಂಗಲು ಹೊತ್ತಾಯಿತು. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು, ಒಂದು ಕೈ ವ್ಯಾನಿನ ಬಾಗಿಲನ್ನು ಗಟ್ಟಿಯಾಗಿ ಹಿಡಿಯಿತು. ಗಂಟಲಮಣಿ ಮೇಲೆ ಕೆಳಗೆ ಎರಡು ಸಲ ಹೋಗಿಬಂತು. ಕೊನೆಗೆ ಹಾಲು ಇಳಿಯಿತು.

ಅಜ್ಜಿ ಕುರ್ಚಿಯಿಂದ ಮುಂದೆ ಬಾಗಿ ಅವನನ್ನು ಪರೀಕ್ಷಿಸಿದಳು. "ಈ ಹುಡುಗನಿಗೆ ಹಾಲು ಸೇರಲ್ಲ."

"ಸೇರಲ್ಲ ಅಜ್ಜಿ."

"ಮತ್ತೆ ಯಾಕೆ ಕುಡಿದೆ?"

"ಇವರಿಗೆ ಸೌಟು ವಾಪಸ್ ಸಿಗಲಿ ಅಂತ."

"ನುಂಗಬೇಕಾದವರು ಮನೆಯವರಪ್ಪ," ಎಂದ ಅಪ್ಪ. "ನೀನು ರಿಪೇರಿಯವನು."

ಅವನು ತೋಳಿನಿಂದ ಬಾಯಿ ಒರೆಸಿಕೊಂಡ. ಚರಂಡಿಯ ಹತ್ತಿರ ಅವಳು ಒರೆಸಿಕೊಂಡ ಹಾಗೆಯೇ. "ಹಾಗಾದ್ರೆ ಮನೆಯವನ್ನಾಗಿ ಮಾಡ್ಕೊಳ್ಳಿ ಯಜಮಾನ್ರೇ. ದಿನಾ ಕುಡೀತೀನಿ."

ಅಣ್ಣನ ಕೈಯಿಂದ ಮುಚ್ಚಳ ಜಾರಿ, ಅಂಗಳದಲ್ಲಿ ಸುತ್ತು ಹೊಡೆದು, ಸದ್ದು ಮಾಡಿ ಮಲಗಿತು. ಎಲ್ಲರೂ ಅವಳ ಮುಖ ನೋಡಿದರು. ನಾಚಿಕೆ ಹುಡುಕಿದವರಿಗೆ ಅಲ್ಲಿ ಸಿಕ್ಕಿದ್ದು ಸಿಟ್ಟು.

"ನನಗೆ ಬೇಡ," ಎಂದಳು. "ಸೇರದ್ದನ್ನ ಕಣ್ಣು ಮುಚ್ಚಿ ನುಂಗೋಕೆ ಆಗಲ್ಲ ಅಂತ ತಾನೇ ನಾನು ಬಿಟ್ಟಿದ್ದು? ನನ್ನ ಬದಲು ನೀನು ಮೂಗು ಹಿಡ್ಕೊಂಡು ನುಂಗಿದ್ರೆ ನಾನು ಬಿಟ್ಟು ಏನು ಬಂತು? ನಿಮ್ಮ ದೊಡ್ಡಮ್ಮ ಸುರೀತಿದ್ರು, ಈಗ ನಾನು ಸುರಿದ ಹಾಗಾಗುತ್ತೆ. ಈ ಮನೆಗೆ ಬರೋದಾದ್ರೆ ಬಾ. ಹಾಲಿಗೋಸ್ಕರ ಬರಬೇಡ."

ಅವಳು ಅವನನ್ನು 'ನೀನು' ಎಂದದ್ದು ಅದೇ ಮೊದಲು. ಅಂಗಳದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನು ಮಾತ್ರ ಬೈಗುಳ ತಿಂದವನ ಹಾಗೆ ತಲೆ ತಗ್ಗಿಸಿ, ತಗ್ಗಿಸಿದ ತಲೆಯೊಳಗೇ ನಗುತ್ತಿದ್ದ.

ಅಪ್ಪ ತುಂಬ ಹೊತ್ತು ಮಗಳನ್ನು ನೋಡಿದ. ಊರಿನ ಅಳಿಯಂದಿರು ಬೇಡುವುದು ಏನೇನೋ. ಇವನು ಬೇಡಿದ್ದು ತನಗೆ ಸೇರದ ಒಂದು ಸೌಟು ಹಾಲು. ಅದನ್ನೂ ಇವಳು ಬೇಡವೆಂದಳು. ಹಟಮಾರಿತನ ಎಂದುಕೊಂಡಿದ್ದು ಬರೀ ಹಟವಲ್ಲವೇನೋ ಎಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿರಬೇಕು. ಮುಂದೆ ಬಂದು ಮೆಕ್ಯಾನಿಕ್ಕಿನ ಕೈಯಿಂದ ಸೌಟು ತೆಗೆದುಕೊಂಡ.

"ಕಹಿ ಇರೋದು ಅದೊಂದೇನಾ?"

"ಅದೊಂದೇ ಅಪ್ಪ."

"ಉಳಿದದ್ದು ಖಂಡಿತ ಸರಿ ಇದೆಯಾ? ನನ್ನ ಬಾಯಿಗೆ ಈಗ ಏನೂ ಗೊತ್ತಾಗಲ್ಲ."

"ಖಂಡಿತ."

ಅಪ್ಪ ಉಳಿದ ಕ್ಯಾನುಗಳಿಂದೆಲ್ಲ ತೊಟ್ಟು ತೊಟ್ಟು ಸೇರಿಸಿದ. ಮೂಸಲಿಲ್ಲ, ತುಟಿಗೆ ತಾಕಿಸಿ ನೋಡಲಿಲ್ಲ. ತಲೆಯೆತ್ತಿ ಒಂದೇ ಗುಟುಕಿಗೆ ನುಂಗಿದ.

"ನಾಲಿಗೆ ಇವಳದು, ಹೊಟ್ಟೆ ನಂದು. ಇನ್ನು ಮೇಲೆ ಹೀಗೆ. ಏನಮ್ಮ?" ಎಂದು ಅಜ್ಜಿಯನ್ನು ಕೇಳಿದ.

ಅಜ್ಜಿ ಸತ್ತ ಅತ್ತೆಯನ್ನು ಮನಸ್ಸಿನಲ್ಲೇ ವಿಚಾರಿಸಿದಳೋ ಏನೋ, ಸ್ವಲ್ಪ ತಡವಾಗಿ ತಲೆಯಾಡಿಸಿದಳು. "ನಮ್ಮ ಹೊಟ್ಟೆ ಅಂದಿದ್ಲು. ಯಾರ ಹೊಟ್ಟೆ ಅಂತ ಹೇಳಿರಲಿಲ್ಲ."

ಅಪ್ಪ ಸೌಟನ್ನು ಒರೆಸಿ ಮಗಳ ಏಪ್ರನ್ನಿನ ಜೇಬಿಗೆ ಇಳಿಬಿಟ್ಟ. ನೀನು ಮಾಡಿದ್ದು ಸರಿ ಅಂತ ನಾನೇನೂ ಹೇಳುತ್ತಿಲ್ಲ ಎಂದು ಸೇರಿಸುವುದನ್ನು ಮರೆಯಲಿಲ್ಲ. ಆಮೇಲೆ ಮೆಕ್ಯಾನಿಕ್ಕಿನ ಕಡೆ ತಿರುಗಿದ. "ಕೋಲ್ಡ್ ರೂಮು ಸರಿಹೋದದ್ದು ಯಾವಾಗ?"

ಅವನು ಬೂಟು ನೋಡಿಕೊಂಡ. "ಮೊದಲನೇ ದಿನಾನೇ."

"ಗೊತ್ತಿತ್ತು. ದಿನಾ ಅದರ ತಂಪಿನ ಮೀಟರ್ ನೋಡೋನು ನಾನು," ಎಂದು ಹೇಳಿ ಅಪ್ಪ ವ್ಯಾನು ಹತ್ತಿದ.

*

ಮಾರನೆಯ ಬೆಳಿಗ್ಗೆ ಅವನು ಬಂದಾಗ ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ ಇರಲಿಲ್ಲ. ತಲೆಗೂದಲು ನೀರು ಹಚ್ಚಿ ಬಾಚಿದ್ದ. ಶರಟಿಗೆ ಇಸ್ತ್ರಿ ಇತ್ತು, ಒಂದು ಗುಂಡಿ ಇರಲಿಲ್ಲ. ಅವಳು ಕ್ಯಾನುಗಳ ನಡುವೆ ಸೌಟು ಹಿಡಿದು ನಿಂತಿದ್ದಳು. ಉಗುಳಲೆಂದು ಅಣ್ಣ ಹಳೆಯ ಡಬ್ಬಿಯೊಂದನ್ನು ಪಕ್ಕದಲ್ಲಿಟ್ಟಿದ್ದ. ಅಪ್ಪ ತನ್ನ ಸರದಿಗೆ ಕಾಯುತ್ತಾ ಕೈ ಕಟ್ಟಿ ನಿಂತಿದ್ದ, ಶಾಲೆಯ ಸಾಲಿನಲ್ಲಿ ನಿಂತ ಹುಡುಗನ ಹಾಗೆ.

ಸೌಟು ಅಪ್ಪನಿಗೆ ಕೊಟ್ಟು ಅವಳು ಅವನ ಹತ್ತಿರ ಬಂದಳು.

"ಇವತ್ತು ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಮತ್ತೆ?"

"ಬರೋದಾದ್ರೆ ಬಾ ಅಂದೆಯಲ್ಲ, ಬಂದೆ. ಹಾಲಿಗೋಸ್ಕರ ಅಲ್ಲ."

ಅವನು ಅವಳಿಗೆ 'ನೀನು' ಎಂದದ್ದೂ ಅದೇ ಮೊದಲು. ಅವಳು ಕ್ಯಾನಿನ ಮುಚ್ಚಳವೊಂದನ್ನು ಬಟ್ಟೆಯಿಂದ ಒರೆಸತೊಡಗಿದಳು. ಅದು ಒಣಗಿಯೇ ಇತ್ತು. ಕಿವಿಯವರೆಗೆ ಬಂದ ಬಿಸಿಯನ್ನು ಎಲ್ಲಿಡುವುದೆಂದು ತಿಳಿಯದೆ, ನಿನ್ನ ಶರಟಿನ ಗುಂಡಿ ಬಿದ್ದಿದೆ ಎಂದಳು. ಗೊತ್ತು, ಅದಕ್ಕೂ ರಿಪೇರಿಯವರು ಬೇಕು ಎಂದ.

ಮೆಟ್ಟಿಲಿಳಿದು ಅಮ್ಮ ಟೀ ತಂದಳು. ತಟ್ಟೆಯ ತುಂಬ ಲೋಟಗಳು, ಎಲ್ಲ ಹಾಲು ಬೆರೆತ ಕಂದು. ಅಂಚಿನಲ್ಲಿ ಎರಡು ಮಾತ್ರ ಕಪ್ಪು. ಹಾಲಿನ ಮನೆಯಲ್ಲಿ ಕಪ್ಪು ಲೋಟ, ನೋಡಿದವರು ಏನಂದಾರು ಎಂದು ಗೊಣಗುತ್ತಲೇ ಒಂದನ್ನು ಅವನ ಕೈಗೆ, ಒಂದನ್ನು ಮಗಳ ಕೈಗೆ ಕೊಟ್ಟಳು. ಕೊಟ್ಟು ಹೋಗಲಿಲ್ಲ. ಅಲ್ಲೇ ನಿಂತಳು.

ಮಗಳು ಅಭ್ಯಾಸದಂತೆ ತೊಟ್ಟು ತುದಿನಾಲಿಗೆಗೆ ಇಟ್ಟು ಕಣ್ಣು ಅರ್ಧ ಮುಚ್ಚಿದಳು.

"ಏನಾದ್ರೂ ಇದೆಯಾ?" ಎಂದಳು ಅಮ್ಮ.

"ಸಕ್ಕರೆ ಜಾಸ್ತಿ."

"ಹಾಲಿಲ್ಲ ಅಂದ್ಮೇಲೆ ಅಷ್ಟಾದ್ರೂ ಇರಲಿ ಅಂತ ಹಾಕಿದೆ," ಎಂದಳು ಅಮ್ಮ. ದನಿಯಲ್ಲಿ ಜಗಳವಿತ್ತು, ಕಣ್ಣಲ್ಲಿ ಇರಲಿಲ್ಲ.

ಪಕ್ಕದಲ್ಲಿ ಅವನು ಲೋಟಕ್ಕೆ ಊದುತ್ತಾ ಅವಳನ್ನೇ ನೋಡುತ್ತಿದ್ದ. ತೀರಾ ಸಿಹಿ, ಬಾಯಿಗೆ ಅಂಟುವಷ್ಟು. ಅವಳು ನುಂಗಿದಳು.